ಡೆಲವೇರ್ ನದಿಯ ಟ್ರೌಟ್ ಯಾಕೆ ಸುಲಭಕ್ಕೆ ಸಿಗಲ್ಲ?

ಮೇ ತಿಂಗಳ ಮೊದಲ ವಾರ, ಮಧ್ಯಾಹ್ನ ಎರಡು ಗಂಟೆ. ನ್ಯೂಯಾರ್ಕ್ ರಾಜ್ಯದ ಹೇಲ್ ಎಡ್ಡಿ ಅನ್ನೋ ಸಣ್ಣ ಊರಿನ ಹತ್ತಿರ, ಡೆಲವೇರ್ ನದಿಯ ಪಶ್ಚಿಮ ಕವಲಿನಲ್ಲಿ ತೊಡೆಮಟ್ಟದ ನೀರಲ್ಲಿ ನಿಂತಿದ್ದೆ. ಮೋಡ ಕವಿದಿತ್ತು. ಹತ್ತು ಮೀಟರ್ ದೂರದಲ್ಲಿ ಒಂದು ಮೀನು ಮೇಲೆ ಬಂದು ಏನನ್ನೋ ಹೀರಿ ಕೆಳಗೆ ಹೋಗುತ್ತಿತ್ತು. ಸದ್ದೇ ಇಲ್ಲ. ಒಂದು ಮಳೆಹನಿ ಬಿದ್ದರೆ ಏಳುವಷ್ಟು ಸಣ್ಣ ಉಂಗುರ, ಅಷ್ಟೇ. ಒಂದು ಸಲ ಮೂಗು, ಬೆನ್ನು, ಬಾಲ ಮೂರೂ ಕಂಡಾಗ ಗೊತ್ತಾಯಿತು, ಅದು ಮೊಳದುದ್ದದ ಬ್ರೌನ್ ಟ್ರೌಟ್. ನಲವತ್ತು ನಿಮಿಷ ಅದರ ದಾರಿಗೆ ಫ್ಲೈ, ಅಂದರೆ ಹುಳುವಿನಂತೆ ಕಟ್ಟಿದ ಗಾಳ, ಹಾಕುತ್ತಲೇ ಇದ್ದೆ. ಅದು ತಿನ್ನೋದು ನಿಲ್ಲಿಸಲಿಲ್ಲ. ನನ್ನದನ್ನು ಮಾತ್ರ ಮುಟ್ಟಲಿಲ್ಲ.

ಮಲೆನಾಡಿನ ಹಳ್ಳಗಳಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿ ಬೆಳೆದವನು ನಾನು. ಅಲ್ಲಿ ಮೀನಿಗೆ ಹಸಿವಿದ್ದರೆ ಕಚ್ಚುತ್ತದೆ, ಇಲ್ಲದಿದ್ದರೆ ಇಲ್ಲ. ಎದುರಿಗೇ ತಿನ್ನುತ್ತಾ, ಕೊಟ್ಟದ್ದನ್ನು ಮಾತ್ರ ಆರಿಸಿ ಬಿಡುವ ಮೀನನ್ನು ಮೊದಲ ಸಲ ನೋಡಿದ್ದು ಈ ನದಿಯಲ್ಲಿ. ನ್ಯೂಜೆರ್ಸಿಯಲ್ಲಿರುವ ನಮ್ಮ ಕನ್ನಡದ ಗೆಳೆಯರು ಕೇಳುತ್ತಾರೆ, "ಮೂರು ಗಂಟೆ ಕಾರು ಓಡಿಸ್ಕೊಂಡು ಹೋಗಿ ಸಿಗದೇ ಇರೋ ಮೀನಿನ ಹಿಂದೆ ಯಾಕೆ ಬೀಳ್ತೀಯ?" ಅಂತ. ಅದು ಯಾಕೆ ಸಿಗಲ್ಲ ಅನ್ನೋದು ಅರ್ಥವಾದರೆ ಹಿಂದೆ ಬೀಳೋದು ಯಾಕೆ ಅಂತಲೂ ಅರ್ಥವಾಗುತ್ತದೆ. ಆದರೆ ಕಥೆಯನ್ನು ಮೀನಿನಿಂದ ಶುರು ಮಾಡುವ ಹಾಗಿಲ್ಲ. ಅಣೆಕಟ್ಟಿನಿಂದ ಶುರು ಮಾಡಬೇಕು.

ಜಲಾಶಯದ ಅಡಿಯ ನೀರು

ಡೆಲವೇರ್ ನದಿ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಎರಡು ಕವಲಾಗಿ ಹುಟ್ಟುತ್ತದೆ. ಹ್ಯಾನ್‌ಕಾಕ್ ಅನ್ನೋ ಊರಿನ ಕೆಳಗೆ ಎರಡೂ ಕೂಡುತ್ತವೆ. ಅಲ್ಲಿಂದ ಮುಂದೆ ಅಗಲವಾದ ಹೊಳೆ. ಒಂದು ದಡ ನ್ಯೂಯಾರ್ಕ್, ಇನ್ನೊಂದು ಪೆನ್ಸಿಲ್ವೇನಿಯಾ. ಮುಖ್ಯ ನದಿಗೆ ಎಲ್ಲೂ ಅಣೆಕಟ್ಟಿಲ್ಲ. ಕವಲುಗಳಿಗೆ ಇದೆ. ಪೂರ್ವ ಕವಲಿನ ಪೆಪ್ಯಾಕ್ಟನ್ ಜಲಾಶಯ ಬಳಕೆಗೆ ಬಂದಿದ್ದು 1955ರಲ್ಲಿ, ಪಶ್ಚಿಮ ಕವಲಿನ ಕ್ಯಾನನ್ಸ್‌ವಿಲ್ 1964ರಲ್ಲಿ. ಎರಡೂ ನ್ಯೂಯಾರ್ಕ್ ನಗರದ ಕುಡಿಯುವ ನೀರಿಗಾಗಿ ಕಟ್ಟಿದ್ದು. ಕ್ಯಾನನ್ಸ್‌ವಿಲ್ ಅನ್ನೋದು ಮುಳುಗಿದ ಊರಿನ ಹೆಸರು. ಅದೇ 1964ರಲ್ಲಿ ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಮಾತು ಕೇಳುತ್ತಾ ಬೆಳೆದವರಿಗೆ ಆ ನೀರಿನ ದಡದಲ್ಲಿ ನಿಂತಾಗ ಏನು ನೆನಪಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾವೇರಿ ಜಗಳ ಕಂಡ ನಮಗೆ ಮುಂದಿನ ಭಾಗವೂ ಪರಿಚಿತವೇ. ಮೇಲಿನವರು ನೀರು ಹಿಡಿದರೆ ಕೆಳಗಿನವರು ಸುಮ್ನೆ ಇರುತ್ತಾರಾ? ನ್ಯೂಜೆರ್ಸಿ ಕೋರ್ಟಿಗೆ ಹೋಯಿತು. ಅಮೆರಿಕದ ಸುಪ್ರೀಂ ಕೋರ್ಟ್ 1931ರಲ್ಲಿ ಒಂದು ತೀರ್ಪು ಕೊಟ್ಟಿತು, 1954ರಲ್ಲಿ ಅದನ್ನು ಬದಲಿಸಿತು. ನಗರ ದಿನಕ್ಕೆ 80 ಕೋಟಿ ಗ್ಯಾಲನ್ ತೆಗೆದುಕೊಳ್ಳಬಹುದು. ಬದಲಿಗೆ ಕೆಳಗೆ ನ್ಯೂಜೆರ್ಸಿಯ ಮಾಂಟೆಗ್ಯೂ ಹತ್ತಿರ ನದಿಯಲ್ಲಿ 1,750 ಕ್ಯೂಸೆಕ್ ಹರಿವು ಇರುವಂತೆ ನೋಡಿಕೊಳ್ಳಬೇಕು. ಇದನ್ನು ನೋಡಿಕೊಳ್ಳೋದಕ್ಕೆಂದೇ 'ರಿವರ್ ಮಾಸ್ಟರ್' ಅನ್ನೋ ಹುದ್ದೆ ಇದೆ.

ಈ ಲೆಕ್ಕಾಚಾರದಲ್ಲಿ ಟ್ರೌಟ್ ಮೀನಿನ ಹೆಸರು ಯಾರೂ ಎತ್ತಿರಲಿಲ್ಲ. ಆದರೆ ಲಾಭವಾಗಿದ್ದು ಅದಕ್ಕೇ. ಆಳವಾದ ಕೆರೆಯಲ್ಲಿ ಬೆಚ್ಚಗಿನ ನೀರು ಮೇಲೆ, ತಣ್ಣಗಿನ ಭಾರದ ನೀರು ಕೆಳಗೆ ನಿಲ್ಲುತ್ತದೆ. ಜಲಾಶಯದಿಂದ ನದಿಗೆ ಬಿಡೋದು ಈ ಅಡಿಯ ನೀರನ್ನು. ಹಾಗಾಗಿ ಜುಲೈ ಬಿಸಿಲಿನಲ್ಲೂ ಅಣೆಕಟ್ಟಿನ ಕೆಳಗೆ ಕಾಲಿಟ್ಟರೆ ಮೂಳೆ ಕೊರೆಯುತ್ತದೆ. ಮೊದಲು ಬೇಸಿಗೆಯಲ್ಲಿ ಕಾದು, ಬೆಚ್ಚನೆ ನೀರಿನ ಬಾಸ್ ಮೀನಿಗೆ ಹೆಸರಾಗಿದ್ದ ನದಿ ಈಗ ಕಾಡು ಟ್ರೌಟ್‌ಗಳ ನದಿಯಾಗಿದೆ. ಬ್ರೌನ್ ಟ್ರೌಟ್ ಇಲ್ಲಿಯ ಮೂಲ ಮೀನಲ್ಲ. 1883ರಲ್ಲಿ ಜರ್ಮನಿಯಿಂದ ಮೊಟ್ಟೆಯ ರೂಪದಲ್ಲಿ ಅಮೆರಿಕಕ್ಕೆ ಬಂತು. ರೇನ್‌ಬೋ ಟ್ರೌಟ್ ಕ್ಯಾಲಿಫೋರ್ನಿಯಾ ಕಡೆಯಿಂದ ಬಂದಿದ್ದು. ಈಗ ಎರಡೂ ಇಲ್ಲೇ ಮೊಟ್ಟೆಯಿಟ್ಟು ಬದುಕುತ್ತಿವೆ.

ಅಣೆಕಟ್ಟು ಇನ್ನೊಂದು ಕೆಲಸ ಮಾಡುತ್ತದೆ. ಹೂಳನ್ನು ತಡೆದು ನಿಲ್ಲಿಸುತ್ತದೆ. ಕೆಳಗೆ ಬರೋದು ಗಾಜಿನಂಥ ನೀರು. ಕಲ್ಲಿನ ಮೇಲೆ ಪಾಚಿ ಚೆನ್ನಾಗಿ ಬೆಳೆಯುತ್ತದೆ, ಪಾಚಿ ಇದ್ದಲ್ಲಿ ಹುಳು ಜಾಸ್ತಿ. ಈ ನದಿಯ ಕಷ್ಟ ಶುರುವಾಗೋದೇ ಇಲ್ಲಿ. ನೀರು ತಿಳಿ, ಹರಿವು ನಿಧಾನ, ಊಟ ಬೇಕಾದಷ್ಟು. ಮೀನಿಗೆ ಆತುರವೇ ಇಲ್ಲ. ಬೆಟ್ಟದ ಸಣ್ಣ ತೊರೆಯಲ್ಲಿ ಟ್ರೌಟ್‌ಗೆ ತೇಲಿ ಬಂದದ್ದನ್ನು ಅರ್ಧ ಸೆಕೆಂಡಿನಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ಊಟ ಹೋಯಿತು. ಇಲ್ಲಿ ಅದು ಹುಳುವಿನ ಕೆಳಗೇ ಹಿಂದಕ್ಕೆ ತೇಲುತ್ತಾ, ಮೂಗಿನ ಹತ್ತಿರ ಇಟ್ಟುಕೊಂಡು ನೋಡಿ, ಬೇಡ ಅನ್ನಿಸಿದರೆ ಬಿಟ್ಟು ಹೋಗುತ್ತದೆ. ಎಷ್ಟೋ ಜನ ಹಿಡಿದು ಬಿಟ್ಟ ಮೀನುಗಳು ಬೇರೆ.

ಒಂದು ಹುಳುವಿನ ಮಧ್ಯಾಹ್ನ

ವಸಂತದಲ್ಲಿ ಇಲ್ಲಿಗೆ ಬರುವವರೆಲ್ಲ ಕಾಯೋದು ಹೆಂಡ್ರಿಕ್ಸನ್ ಅನ್ನೋ ಮೇಫ್ಲೈಗೆ. ನಮ್ಮೂರಲ್ಲಿ ಮೊದಲ ಮಳೆ ಬಿದ್ದ ಸಂಜೆ ಗೆದ್ದಲಿನ ರೆಕ್ಕೆ ಹುಳುಗಳು ದೀಪಕ್ಕೆ ಮುತ್ತುತ್ತವಲ್ಲ, ಹಾಗೆಯೇ ಒಂದೇ ಹೊತ್ತಿಗೆ ಸಾವಿರಾರು ಎದ್ದು ಬರುವ ಹುಳು. ಅದು ಗೆದ್ದಲಿನ ಜಾತಿಯಲ್ಲ, ಬದುಕೂ ಬೇರೆ. ಸುಮಾರು ಒಂದು ವರ್ಷ ನದಿಯ ತಳದ ಕಲ್ಲುಗಳ ಸಂದಿಯಲ್ಲಿ ಮರಿಹುಳುವಾಗಿ ತೆವಳುತ್ತಾ ಬೆಳೆಯುತ್ತದೆ. ಏಪ್ರಿಲ್ ಕೊನೆಯಲ್ಲಿ ನೀರು 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಮೇಲೇಳುತ್ತದೆ. ರೆಕ್ಕೆ ಬಂದ ಮೇಲೆ ಬಾಯಿ ಕೆಲಸಕ್ಕೆ ಬರಲ್ಲ. ಒಂದೆರಡು ದಿನ ಏನೂ ತಿನ್ನದೆ, ಜೊತೆಗೂಡಿ, ಮೊಟ್ಟೆ ಇಟ್ಟು ಸಾಯುತ್ತದೆ.

ಮೇಲೇಳುವ ಆ ಕೆಲವು ನಿಮಿಷಗಳನ್ನು ಹತ್ತಿರದಿಂದ ನೋಡಬೇಕು. ಮರಿಹುಳು ಈಜಿನಲ್ಲಿ ಬಲು ದುರ್ಬಲ. ಹೊರಳಾಡುತ್ತಾ ಮೇಲೆ ಬರುತ್ತದೆ. ನೀರಿನ ಮೇಲ್ಪದರ ನಮಗೆ ಏನೂ ಅಲ್ಲ, ಒಂದು ಸೆಂಟಿಮೀಟರ್ ಉದ್ದದ ಹುಳುವಿಗೆ ಅದು ಬಿಗಿದು ಕಟ್ಟಿದ ಬಟ್ಟೆ ಇದ್ದ ಹಾಗೆ. ಅದರ ಕೆಳಗೇ ತೂಗಿಕೊಂಡು ತೇಲುತ್ತದೆ. ಬೆನ್ನು ಸೀಳುತ್ತದೆ. ಹಳೆಯ ಪೊರೆ ಇನ್ನೂ ಬಾಲಕ್ಕೆ ಅಂಟಿಕೊಂಡಿರುವಾಗಲೇ ಮುದುಡಿದ ರೆಕ್ಕೆ ಹೊರಗೆ ಬರುತ್ತದೆ. ಪೊರೆ ಕಳಚಿ, ರೆಕ್ಕೆ ನೆಟ್ಟಗಾಗಿ ಒಣಗೋವರೆಗೆ ಪುಟ್ಟ ಹಾಯಿದೋಣಿಯಂತೆ ನೀರ ಮೇಲೆ ತೇಲುತ್ತದೆ. ಆಮೇಲೆ ಹಾರಿ ದಡದ ಮರಕ್ಕೆ ಹೋಗುತ್ತದೆ. ಅಲ್ಲಿ ಇನ್ನೊಂದು ಸಲ ಪೊರೆ ಬಿಡುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಹುಳು ಜಗತ್ತಿನಲ್ಲಿ ಮೇಫ್ಲೈ ಒಂದೇ.

ಈಗ ಮೀನಿನ ಲೆಕ್ಕ ಹಾಕಿ. ರೆಕ್ಕೆ ನೆಟ್ಟಗಾದ ಹುಳು ಯಾವ ಕ್ಷಣದಲ್ಲಾದರೂ ಹಾರಬಹುದು. ಅರ್ಧ ಪೊರೆಯಲ್ಲಿ ಸಿಕ್ಕಿಕೊಂಡದ್ದು ಎಲ್ಲಿಗೂ ಹೋಗಲ್ಲ. ಒಂದೇ ರುಚಿ, ಒಂದೇ ಗಾತ್ರ. ಕಷ್ಟಪಡದೆ ಸಿಗೋದು ಯಾವುದು? ದೊಡ್ಡ ಮೀನು ಎರಡನೆಯದನ್ನೇ ಆರಿಸಿಕೊಳ್ಳುತ್ತದೆ. ದಡದಲ್ಲಿ ನಿಂತ ನಮ್ಮ ಕಣ್ಣಿಗೆ ಕಾಣೋದು ಮಾತ್ರ ಹಾಯಿ ಎತ್ತಿದ ಹುಳುಗಳು. ಹಾಗಾಗಿ ಅದರಂತೆಯೇ ಇರುವ ಫ್ಲೈ ಕಟ್ಟಿಕೊಂಡು ಹಾಕುತ್ತೇವೆ. ಮೀನು ಅದರ ಪಕ್ಕದಲ್ಲೇ, ನಮಗೆ ಕಾಣದ ಒಂದನ್ನು ಹೀರುತ್ತದೆ.

ಫ್ಲೈ ಅಂದರೆ ಗಾಳದ ಮೇಲೆ ನೂಲು, ಕೋಳಿ ಗರಿ, ತುಪ್ಪಳ ಸುತ್ತಿ ಮಾಡಿದ ಹುಳುವಿನ ಅಣಕು. ಹೆಂಡ್ರಿಕ್ಸನ್ ಅನ್ನೋ ಹೆಸರು ಮೊದಲು ಬಂದಿದ್ದು ಫ್ಲೈಗೆ, ಆಮೇಲೆ ಹುಳುವಿಗೆ. ಡೆಲವೇರ್‌ನ ಪೂರ್ವ ಕವಲನ್ನು ಸೇರುವ ಬೀವರ್‌ಕಿಲ್ ಹೊಳೆಯಲ್ಲಿ 1916ರಲ್ಲಿ ರಾಯ್ ಸ್ಟೀನ್‌ರಾಡ್ ಎಂಬವರು ಈ ಹುಳುಗಳನ್ನು ನೋಡಿ, ನರಿಯ ತುಪ್ಪಳದಿಂದ ಒಂದು ಫ್ಲೈ ಕಟ್ಟಿದರು. ತಮ್ಮ ಗೆಳೆಯ ಎ. ಇ. ಹೆಂಡ್ರಿಕ್ಸನ್ ಅವರ ಹೆಸರಿಟ್ಟರು. ಇಂದಿಗೂ ಅದೇ ಮಾದರಿ ನಡೆಯುತ್ತದೆ, ಹೆಚ್ಚಾಗಿ 14ನೇ ನಂಬರಿನ ಗಾಳದ ಮೇಲೆ. ನಂಬರ್ ದೊಡ್ಡದಾದಷ್ಟೂ ಗಾಳ ಸಣ್ಣದು, ಇದನ್ನು ಹೊಸಬರು ನೆನಪಿಡಬೇಕು. ಈ ನದಿಗೆ ಹೋಗುವವರು ಅದರ ಜೊತೆಗೆ ಅರ್ಧ ಪೊರೆ ಕಳಚಿದ ಸ್ಥಿತಿಯ ಫ್ಲೈಗಳನ್ನೂ ಇಟ್ಟುಕೊಳ್ಳಲೇಬೇಕು. ಅದಕ್ಕೆ ಎಮರ್ಜರ್ ಅನ್ನುತ್ತಾರೆ. ಅದರ ಮೈ ನೀರಿನೊಳಗೆ ಜೋಲುತ್ತದೆ, ರೆಕ್ಕೆಯ ಮೊಗ್ಗು ಮಾತ್ರ ಮೇಲೆ.

ಎಲ್ಲಿಗೆ ಹೋಗಬೇಕು ಅನ್ನೋದನ್ನು ನೀರಿನ ಬಿಸಿಯೇ ಹೇಳುತ್ತದೆ. ಅಣೆಕಟ್ಟಿನಿಂದ ದೂರ ಹೋದಷ್ಟೂ ನೀರು ಬೇಗ ಬೆಚ್ಚಗಾಗುತ್ತದೆ. ಹಾಗಾಗಿ ಹುಳುಗಳು ಮೊದಲು ಕೆಳಗೆ ಮುಖ್ಯ ನದಿಯಲ್ಲಿ ಏಳುತ್ತವೆ. ಆಮೇಲೆ ದಿನ ದಿನಕ್ಕೂ ಮೇಲೆ ಮೇಲೆ ಸರಿಯುತ್ತಾ ಬರುತ್ತವೆ. ಜಲಾಶಯ ತುಂಬಿ ಕೋಡಿ ಬಿದ್ದ ವರ್ಷ ಲೆಕ್ಕ ಬದಲಾಗುತ್ತದೆ. ಆಗ ಹರಿಯೋದು ಬಿಸಿಲು ಕಂಡ ಮೇಲ್ಗಡೆಯ ನೀರು. ಹುಳುವೂ ಬೇಗ ಏಳುತ್ತದೆ. ಬಿಸಿಲಿಗಿಂತ ಮೋಡ, ಸಣ್ಣ ತುಂತುರು ಒಳ್ಳೆಯದು. ತಂಪು ಗಾಳಿಯಲ್ಲಿ ರೆಕ್ಕೆ ಒಣಗೋದು ತಡ, ಹುಳು ಹೆಚ್ಚು ಹೊತ್ತು ನೀರ ಮೇಲೆ ಇರುತ್ತದೆ, ಮೀನು ಹೆಚ್ಚು ಹೊತ್ತು ತಿನ್ನುತ್ತದೆ.

ಮೀನಿನ ಕಿಟಕಿ

ಮೀನು ನಮ್ಮನ್ನು ಹೇಗೆ ನೋಡುತ್ತದೆ? ನೀರೊಳಗಿಂದ ತಲೆಯೆತ್ತಿದರೆ ಹೊರಗಿನದೆಲ್ಲ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಬೆಳಕು ನೀರಿಗಿಳಿಯುವಾಗ ಬಾಗೋದರಿಂದ ಹೀಗೆ. ಕಿಟಕಿಯ ಸುತ್ತ ಇರೋದು ಕನ್ನಡಿ, ಅದರಲ್ಲಿ ನದಿಯ ತಳದ ಕಲ್ಲುಗಳೇ ಕಾಣುತ್ತವೆ. ಕಿಟಕಿಯ ಅಗಲ ಮೀನು ಇರುವ ಆಳದ ಎರಡೂ ಕಾಲು ಪಟ್ಟು. ಅರವತ್ತು ಸೆಂಟಿಮೀಟರ್ ಆಳದಲ್ಲಿದ್ದರೆ ಮೀಟರಿಗೂ ಜಾಸ್ತಿ ಅಗಲ. ಆದರೆ ಹುಳು ಏಳುವ ಹೊತ್ತಿನಲ್ಲಿ ಟ್ರೌಟ್ ಸುಮ್ನೆ ಮೇಲೆ ಕೆಳಗೆ ಓಡಾಡಲ್ಲ. ಮೇಲ್ಪದರದ ಕೆಳಗೇ ನಿಂತುಬಿಡುತ್ತದೆ. ಹತ್ತು ಸೆಂಟಿಮೀಟರ್ ಆಳದಲ್ಲಿದ್ದರೆ ಕಿಟಕಿ ಒಂದು ಗೇಣು ಅಗಲ. ಫ್ಲೈ ಆ ಒಂದು ಗೇಣಿನ ದಾರಿಯಲ್ಲೇ ಬರಬೇಕು. ಅರ್ಧ ಮೀಟರ್ ಆಚೆ ಬಂದರೆ ಅದು ಬೇಡ ಅಂದದ್ದಲ್ಲ, ಸರಿಯಾಗಿ ನೋಡಿಯೇ ಇಲ್ಲ. ನಾವು ಸುಮ್ನೆ ಫ್ಲೈ ಬದಲಾಯಿಸುತ್ತಾ ಕೂರುತ್ತೇವೆ.

ಇದೇ ಬೆಳಕಿನ ಲೆಕ್ಕದಿಂದ ನಮಗೂ ಒಂದು ಅನುಕೂಲ ಇದೆ. ನೀರಿನ ಮಟ್ಟದಿಂದ ಸುಮಾರು ಹತ್ತು ಡಿಗ್ರಿಗಿಂತ ಕೆಳಗಿರುವುದು ಕಿಟಕಿಯ ಅಂಚಿನಲ್ಲಿ ನಜ್ಜುಗುಜ್ಜಾಗಿ, ಮಸುಕಾಗಿ ಕಾಣುತ್ತದೆ. ಹತ್ತು ಮೀಟರ್ ದೂರದಲ್ಲಿ ಇದು ಹೆಚ್ಚುಕಡಿಮೆ ಒಬ್ಬ ಮನುಷ್ಯನ ಎತ್ತರ. ತೊಡೆಮಟ್ಟದ ನೀರಲ್ಲಿ, ಸ್ವಲ್ಪ ಬಗ್ಗಿ ನಿಂತರೆ ಮೀನಿಗೆ ನೀವು ಸರಿಯಾಗಿ ಕಾಣಲ್ಲ. ಆದರೆ ಅವಸರದಿಂದ ಕಾಲಿಟ್ಟರೆ ಅಲೆ ಏಳುತ್ತದೆ. ಈ ನಿಧಾನದ ಮಡುಗಳಲ್ಲಿ ಆ ಅಲೆ ಮೀನಿನವರೆಗೂ ಹೋಗುತ್ತದೆ.

ದಾರ ಎಳೆಯುವ ಕಥೆ

ಇಷ್ಟೆಲ್ಲ ಸರಿಯಿದ್ದರೂ ಹತ್ತರಲ್ಲಿ ಎಂಟು ಸಲ ಮೀನು ಬಿಡೋದು ಬೇರೆಯೇ ಕಾರಣಕ್ಕೆ. ನನ್ನ ಅನುಭವದಲ್ಲಿ ಈ ನದಿಯ ಗುಟ್ಟೆಲ್ಲ ಇದರಲ್ಲಿದೆ.

ನಮ್ಮ ಗಾಳದಲ್ಲಿ ಸೀಸದ ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಇಲ್ಲಿ ಉಲ್ಟಾ. ಫ್ಲೈಗೆ ತೂಕವೇ ಇಲ್ಲ, ಎಸೆದರೆ ಕಾಲ ಬುಡಕ್ಕೆ ಬೀಳುತ್ತದೆ. ಅದಕ್ಕೇ ದಾರವನ್ನೇ ಭಾರ ಮಾಡಿದ್ದಾರೆ. ಟ್ರೌಟ್‌ಗೆ ಸಾಮಾನ್ಯವಾಗಿ ಬಳಸುವ 5ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಒಂಬತ್ತು ಅಡಿಯ ಕೋಲಿನಿಂದ ಅದನ್ನು ಚಾಟಿಯಂತೆ ಹಿಂದಕ್ಕೆ ಬೀಸಿ, ಅದು ನೇರವಾಗೋವರೆಗೆ ಕಾದು, ಮುಂದಕ್ಕೆ ಬೀಸಬೇಕು. ದಾರದ ತುದಿಗೆ 12ರಿಂದ 15 ಅಡಿ ಉದ್ದದ, ಹೋಗ್ತಾ ಹೋಗ್ತಾ ಸಣ್ಣದಾಗುವ ನೈಲಾನ್ ಎಳೆ. ಅದರ ಕೊನೆ 0.15 ಮಿಲಿಮೀಟರ್ ದಪ್ಪ. ಅದಕ್ಕೆ ಫ್ಲೈ.

ಹೀಗೆ ದಪ್ಪಗಿರೋದರಿಂದಲೇ ದಾರ ನದಿಯ ಕೈಗೆ ಸಿಕ್ಕಿಬೀಳುತ್ತದೆ. ನದಿ ಎಲ್ಲ ಕಡೆ ಒಂದೇ ವೇಗದಲ್ಲಿ ಹರಿಯಲ್ಲ. ನಡುವೆ ಜೋರು, ದಡದ ಹತ್ತಿರ ನಿಧಾನ, ಕಲ್ಲಿನ ಹಿಂದೆ ಸುಳಿ. ಒಂದು ಒಣಗಿದ ಎಲೆಗೆ ದಾರ ಕಟ್ಟಿ ಹೊಳೆಗೆ ಬಿಟ್ಟು, ದಡದಿಂದ ದಾರ ಹಿಡಿದು ನಿಂತು ನೋಡಿ. ಪಕ್ಕದ ಎಲೆಗಳು ನೀರಿನ ಜೊತೆ ಹೋಗುತ್ತವೆ. ಕಟ್ಟಿದ ಎಲೆ ಮಾತ್ರ ಅಡ್ಡ ಜಾರುತ್ತದೆ, ಹಿಂದೆ ಸಣ್ಣ ಗೆರೆ ಬಿಡುತ್ತದೆ. ಇದಕ್ಕೇ ಡ್ರ್ಯಾಗ್ ಅನ್ನೋದು. ನಿಜವಾದ ಮೇಫ್ಲೈ ಹಾಗೆ ಅಡ್ಡ ಜಾರಲ್ಲ. ಮೀನಿಗೆ ಫ್ಲೈಯ ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ನಡೆ ತಪ್ಪಿದರೆ ನಡೆಯಲ್ಲ. ಕಷ್ಟ ಏನಂದರೆ ಹತ್ತು ಮೀಟರ್ ದೂರದಿಂದ ನಮಗೆ ಫ್ಲೈ ಸರಿಯಾಗಿಯೇ ತೇಲುತ್ತಿದೆ ಅನಿಸುತ್ತದೆ. ಒಂದು ಬೆರಳಿನಷ್ಟು ಎಳೆತ ನಮ್ಮ ಕಣ್ಣಿಗೆ ಬೀಳಲ್ಲ. ಮೂಗಿನ ಮುಂದಿಟ್ಟು ನೋಡುವ ಮೀನಿಗೆ ಬೀಳುತ್ತದೆ.

ಬೇರೆ ಹೊಳೆಗಳಲ್ಲಿ ಮೀನಿನ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ಎಸೆಯೋದು ವಾಡಿಕೆ. ಇಲ್ಲಿ ಹಾಗೆ ಮಾಡಿದರೆ ಫ್ಲೈಗಿಂತ ಮೊದಲು ದಾರವೇ ಮೀನಿನ ತಲೆಯ ಮೇಲೆ ಬರುತ್ತದೆ. ಅದಕ್ಕೇ ಇಲ್ಲಿಯವರು ಮೀನಿಗಿಂತ ಸ್ವಲ್ಪ ಮೇಲ್ಗಡೆ, ಓರೆಯಾಗಿ ನಿಲ್ಲುತ್ತಾರೆ. ಎಸೆದ ದಾರ ಇನ್ನೂ ಗಾಳಿಯಲ್ಲಿರುವಾಗಲೇ ಕೈ ಚಾಚಿ ಕೋಲನ್ನು ಮೇಲ್ಗಡೆಗೆ ವಾಲಿಸುತ್ತಾರೆ. ಇದನ್ನು ರೀಚ್ ಕಾಸ್ಟ್ ಅನ್ನುತ್ತಾರೆ. ದಾರ ಮೇಲ್ಗಡೆ ಬೀಳುತ್ತದೆ, ಫ್ಲೈ ಎಲ್ಲಕ್ಕಿಂತ ಮುಂದೆ ಇರುತ್ತದೆ. ಆಮೇಲೆ ಕೋಲಿನ ತುದಿ ಅಲ್ಲಾಡಿಸುತ್ತಾ ದಾರವನ್ನು ಹಾವಿನ ಹರಿದಾಟದಂತೆ ಸಡಿಲವಾಗಿ ಬಿಡುತ್ತಾ ಹೋಗಬೇಕು. ಆ ಸಡಿಲ ಮುಗಿಯೋವರೆಗೆ ಫ್ಲೈ ಸ್ವತಂತ್ರ. ಒಂದೂವರೆ, ಎರಡು ಮೀಟರ್ ಸಿಕ್ಕರೆ ಸಾಕು.

ಮೊದಲ ಸಲ ಹೋಗುವವರಿಗೆ ನಾನು ಹೇಳೋದು ಇಷ್ಟು. ಹೇಲ್ ಎಡ್ಡಿಯ ಹರಿವಿನ ಲೆಕ್ಕ ಸರ್ಕಾರದ ವೆಬ್‌ಸೈಟಿನಲ್ಲಿ ದಿನವೂ ಸಿಗುತ್ತದೆ, ನೋಡಿಕೊಂಡೇ ಹೊರಡಿ. ನೀರು ಜಾಸ್ತಿ ಬಿಟ್ಟಿದ್ದರೆ ಇಳಿಯಬೇಡಿ. ಕಲ್ಲು ಪಾಚಿಗಟ್ಟಿರುತ್ತದೆ, ಊರುಗೋಲು ಇರಲಿ. ನೀರಿಗಿಳಿಯುವ ವೇಡರ್ ಉಡುಪಿನ ಸೊಂಟಪಟ್ಟಿ ಬಿಗಿಯಾಗಿರಲಿ, ಬಿದ್ದರೆ ನೀರು ಒಳಗೆ ತುಂಬಬಾರದು. ಇಷ್ಟು ತಣ್ಣಗಿನ ನೀರಲ್ಲಿ ಕೈಕಾಲು ಬೇಗ ಸೋಲುತ್ತವೆ. ಲೈಸೆನ್ಸ್ ಬೇಕೇ ಬೇಕು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಮೀನನ್ನು ಬಲೆಯಲ್ಲೇ, ನೀರಲ್ಲೇ ಇಟ್ಟು ಒದ್ದೆ ಕೈಯಿಂದ ಗಾಳ ಬಿಡಿಸಿ. ಬೇಸಿಗೆಯಲ್ಲಿ ನೀರು 20 ಡಿಗ್ರಿ ದಾಟಿದ ದಿನ ಗಾಳ ಹಾಕಲೇಬಾರದು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ಸುಸ್ತಾದ ಟ್ರೌಟ್ ಬಿಟ್ಟ ಮೇಲೂ ಸಾಯುತ್ತದೆ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ನಲವತ್ತು ನಿಮಿಷ ಕಾಯಿಸಿದ ಆ ಮೀನಿನ ಕಡೆಗೆ ಬರುತ್ತೇನೆ. ಎಸೆಯೋದು ನಿಲ್ಲಿಸಿ ಐದು ನಿಮಿಷ ಸುಮ್ನೆ ನೋಡಿದೆ. ಹಾಯಿ ಎತ್ತಿದ ಹುಳುಗಳು ಒಂದರ ಹಿಂದೆ ಒಂದು ಅದರ ಮೇಲೆಯೇ ತೇಲಿ ಹೋದವು. ಆರು ಎಣಿಸಿದೆ. ಆರನ್ನೂ ಮೀನು ಬಿಟ್ಟಿತು. ಆದರೆ ಉಂಗುರ ಏಳುತ್ತಲೇ ಇತ್ತು. ಫ್ಲೈ ಕತ್ತರಿಸಿ ಎಮರ್ಜರ್ ಕಟ್ಟಿದೆ. ದಡಕ್ಕೆ ಹೋಗಿ, ಸುತ್ತಿ ಬಂದು, ಮೀನಿಗಿಂತ ಮೇಲ್ಗಡೆ ಇಳಿದೆ. ಅಲೆ ಅಡಗೋವರೆಗೆ ನಿಂತೆ. ಮೊದಲನೆಯ ಎಸೆತ ಒಂದು ಗೇಣು ಆಚೆ ಹೋಯಿತು. ಎರಡನೆಯದು ದಾರಿಗೆ ಬಿತ್ತು, ಆದರೆ ಮೀನು ಆಗ ತಾನೇ ಒಂದನ್ನು ನುಂಗಿ ಕೆಳಗಿಳಿದಿತ್ತು. ಮೂರನೆಯದಕ್ಕೆ ಉಂಗುರ ಎದ್ದಿತು. ಎಳೆಯೋದಕ್ಕೆ ಕೈ ಚಡಪಡಿಸುತ್ತದೆ, ಎಳೆಯಬಾರದು. ಮೀನು ತಲೆ ಕೆಳಗೆ ಮಾಡೋವರೆಗೆ ಕಾದು ಕೋಲು ಎತ್ತಿದೆ.

ಬಲೆಗೆ ಬಂದಾಗ ಹೊಟ್ಟೆ ಬೆಣ್ಣೆಯ ಬಣ್ಣ, ಪಕ್ಕೆಯಲ್ಲಿ ಕೆಂಪು ಚುಕ್ಕೆಗಳು. ಗಾಳ ಬಿಡಿಸುವಾಗ ಬಾಯೊಳಗೆ ಕಣ್ಣು ಹೋಯಿತು. ನಾಲಿಗೆಯ ಹಿಂದೆ ನಾಲ್ಕು ಹುಳು ಅಂಟಿಕೊಂಡಿದ್ದವು. ನಾಲ್ಕೂ ಕಂದು ಪೊರೆಯಲ್ಲೇ ಇದ್ದವು, ಬೆನ್ನು ಸೀಳಿತ್ತು, ಒಂದರದ್ದೂ ರೆಕ್ಕೆ ಬಿಚ್ಚಿರಲಿಲ್ಲ. ಬಲೆಯನ್ನು ತಗ್ಗಿಸಿ ಹರಿವಿಗೆ ಎದುರಾಗಿ ಹಿಡಿದೆ. ಕಿವಿರು ಎರಡು ಮೂರು ಸಲ ನಿಧಾನಕ್ಕೆ ಆಡಿತು. ಆಮೇಲೆ ಮೀನು ಹಿಂದೆ ಇದ್ದ ಅದೇ ಕಲ್ಲಿನ ಕಡೆಗೆ ಇಳಿದು ಹೋಯಿತು.